ಹುಲ್ಲಿನ ಎತ್ತರದ ಚಿಟ್ಟೆ, ದೀಪದ ಎತ್ತರದ ಪತಂಗ

ಆಟಿಯ ಮಳೆ ಬಿರುಸು ಕಳೆದುಕೊಳ್ಳುವ ಹೊತ್ತಿಗೆ ನಮ್ಮ ಕಾಸರಗೋಡಿನ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಫೋಟೋ ತಪ್ಪದೆ ಬರುತ್ತದೆ. ಯಾರದೋ ಮನೆಯ ಜಗಲಿಯ ಗೋಡೆ, ಇಲ್ಲವೇ ಅಡಿಕೆ ಒಣಗಿಸುವ ಮಾಡಿನ ಕಂಬ. ಅದಕ್ಕೆ ಅಂಟಿಕೊಂಡು ಕೂತ ಕೆಂಪುಗಂದು ಬಣ್ಣದ ದೈತ್ಯ ಪತಂಗ. ಗಾತ್ರ ಗೊತ್ತಾಗಲೆಂದು ಪಕ್ಕದಲ್ಲಿ ಒಂದು ಅಂಗೈ. ಕೆಳಗೆ 'ಅಪರೂಪದ ಅತಿಥಿ' ಎಂಬ ಸಾಲು. ಮಲಯಾಳಂನವರಿಗೆ ಅದು ನಾಗಶಲಭ, ಪುಸ್ತಕಗಳಲ್ಲಿ ಅಟ್ಲಾಸ್ ಪತಂಗ. ಎಷ್ಟೋ ಸಲ ಮರುದಿನದ ಪತ್ರಿಕೆಯ ಒಳಪುಟದಲ್ಲೂ ಅದೇ ಫೋಟೋ ಇರುತ್ತದೆ.

ಅದೇ ದಿನಗಳಲ್ಲಿ, ಅದೇ ಊರಿನ ಪದವಿನ, ಅಂದರೆ ಬೋಳು ಗುಡ್ಡದ ನೆತ್ತಿಯ, ಹುಲ್ಲಿನಲ್ಲಿ, ಗ್ರಾಸ್ ಜ್ಯುವೆಲ್ ಎಂಬ ಚಿಟ್ಟೆ ಹಾರಾಡುತ್ತಿರುತ್ತದೆ. ಅದರ ಫೋಟೋ ಯಾವ ಗುಂಪಿನಲ್ಲೂ ನಾನು ನೋಡಿದ್ದಿಲ್ಲ. ಭಾರತದ ಅತಿ ಸಣ್ಣ ಚಿಟ್ಟೆಗಳ ಮಾತು ಬಂದಾಗ ಮೊದಲಿಗೆ ಕೇಳಿಬರುವ ಹೆಸರುಗಳಲ್ಲಿ ಅದೂ ಒಂದು. ರೆಕ್ಕೆಯ ಈ ತುದಿಯಿಂದ ಆ ತುದಿಗೆ 15ರಿಂದ 22 ಮಿಲಿಮೀಟರ್. ಮಡಚಿ ಕೂತರೆ ಕಿರುಬೆರಳಿನ ಉಗುರಿನಷ್ಟು. ಅಟ್ಲಾಸ್ ಪತಂಗದ ರೆಕ್ಕೆ 24 ಸೆಂಟಿಮೀಟರಿನವರೆಗೂ ಚಾಚುತ್ತದೆ, ಹತ್ತು ಪಟ್ಟಿಗೂ ಮಿಕ್ಕಿ. ಎರಡೂ ಒಂದೇ ಗಣಕ್ಕೆ ಸೇರಿದವು. ಎರಡರ ರೆಕ್ಕೆಯ ಮೇಲೂ ಮುಟ್ಟಿದರೆ ಕೈಗಂಟುವ ಪುಡಿಯಂಥ ಶಲ್ಕಗಳಿವೆ, ಎರಡೂ ಮೊಟ್ಟೆ, ಹುಳು, ಕೋಶ ದಾಟಿಯೇ ರೆಕ್ಕೆ ಪಡೆದವು. ಇಲ್ಲೇ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವಳು ನಾನು. ಈ ಎರಡನ್ನು ಒಟ್ಟಿಗೆ ಇಟ್ಟುಕೊಂಡು ಯೋಚಿಸುವುದು ವರ್ಷಗಳಿಂದ ಅಭ್ಯಾಸವಾಗಿಬಿಟ್ಟಿದೆ. ಯೋಚಿಸಿದಷ್ಟೂ ಒಂದು ವಿಷಯ ಗಟ್ಟಿಯಾಗುತ್ತಿದೆ: ನಮ್ಮ ಬೆರಗೆಲ್ಲ ದೊಡ್ಡದಕ್ಕೆ ಹೋಗುತ್ತದೆ, ನೆಲೆ ತಪ್ಪುತ್ತಿರುವುದು ಸಣ್ಣದಕ್ಕೆ.

ಹೋದ ವರ್ಷ ನಮ್ಮ ಶಾಲೆಗೇ ಅಟ್ಲಾಸ್ ಪತಂಗ ಬಂದಿತ್ತು. "ಟೀಚರೇ, ಕಂಜಿಪುರೆಯ ಗೋಡೆಯಲ್ಲಿ ಹಾವಿನ ತಲೆಯ ಚಿಟ್ಟೆ ಉಂಟು!" ಎಂದು ಏಳನೇ ಕ್ಲಾಸಿನ ಹುಡುಗರು ಓಡಿ ಬಂದರು. ಕಂಜಿಪುರೆ ಎಂದರೆ ಶಾಲೆಯ ಅಡುಗೆಮನೆ. ಹೋಗಿ ನೋಡಿದರೆ ಹೊಟ್ಟೆ ತುಂಬ ಮೊಟ್ಟೆ ಹೊತ್ತ ಹೆಣ್ಣು, ಸುಣ್ಣದ ಗೋಡೆಯ ಮೇಲೆ ನಾಲ್ಕೂ ರೆಕ್ಕೆ ಹರಡಿ ಕೂತಿತ್ತು. ಮುಂದಿನ ರೆಕ್ಕೆಗಳ ತುದಿ ಹೊರಕ್ಕೆ ಬಾಗಿ, ಅಲ್ಲೊಂದು ಕಪ್ಪು ಚುಕ್ಕೆ ಕಣ್ಣಿನಂತೆ, ಅದರ ಕೆಳಗೆ ಬಾಯಿ ಸೀಳಿದ ಹಾಗೆ ಒಂದು ಗೆರೆ. ಪಕ್ಕದಿಂದ ನೋಡಿದವರಿಗೆ ಹಾವು ಎನ್ನಿಸುವುದು ಸಹಜವೇ. ಆದರೆ ನನ್ನ ಕಣ್ಣು ನಿಂತದ್ದು ರೆಕ್ಕೆಗಳ ನಡುವಿನ ತ್ರಿಕೋನಗಳ ಮೇಲೆ. ಒಂದೊಂದು ರೆಕ್ಕೆಯಲ್ಲೂ ಒಂದೊಂದು. ಅಲ್ಲಿ ಶಲ್ಕವೇ ಇಲ್ಲ, ಬರೀ ಪೊರೆ. ಹತ್ತಿರ ಬಗ್ಗಿದರೆ ಆ ಪೊರೆಯ ಮೂಲಕ ಗೋಡೆಯ ಸುಣ್ಣ ಕಾಣುತ್ತದೆ, ಸುಣ್ಣದಲ್ಲಿ ಬಿಟ್ಟ ಕೂದಲೆಳೆಯಷ್ಟು ಸಣ್ಣ ಬಿರುಕೂ ಕಾಣುತ್ತದೆ.

"ವಿಷ ಉಂಟಾ ಟೀಚರೇ?" ಎಂದು ಹಿಂದಿನಿಂದ ಒಬ್ಬಳು ಕೇಳಿದಳು.

ಈ ಪ್ರಶ್ನೆ ನಮ್ಮೂರಿನಲ್ಲಿ ಸುಮ್ಮನೆ ಹುಟ್ಟಿದ್ದಲ್ಲ. ಗೇರು ತೋಟಗಳ ಮೇಲೆ ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಜಿಲ್ಲೆ ಇದು. ಗೇರಿನ ಚಿಗುರು ಹೀರುವ ಟೀ ಸೊಳ್ಳೆ ಎಂಬ ಸಣ್ಣ ತಿಗಣೆಯನ್ನು ಕೊಲ್ಲಲೆಂದು ಹಾಕಿದ ವಿಷ ಅದು. ಎಣ್ಮಕಜೆಯ ಪಡ್ರೆ, ಸ್ವರ್ಗ ಎಂಬ ಊರುಗಳಲ್ಲಿ ಅದು ಮನೆಮನೆಗೆ ಏನು ಉಳಿಸಿ ಹೋಯಿತು ಎನ್ನುವುದು ಇಡೀ ದೇಶಕ್ಕೆ ಗೊತ್ತು. ಸುಪ್ರೀಂ ಕೋರ್ಟು ಅದನ್ನು ತಡೆದದ್ದು 2011ರಲ್ಲಿ. ಕೀಟ ಎಂದ ಕೂಡಲೇ ವಿಷದ ಮಾತು ಬರುವ ಮನೆಗಳಿಂದ ಬರುವ ಮಕ್ಕಳು ಇವರು. ಹಾಗಾಗಿ ನಾನು ಆ ಪತಂಗದ ಪಕ್ಕದಲ್ಲಿ, ಅದಕ್ಕೆ ತಾಗದ ಹಾಗೆ, ಗೋಡೆಯ ಮೇಲೆ ಕೈಯಿಟ್ಟು ನಿಂತೆ. "ವಿಷ ಇಲ್ಲ ಮಗಾ. ಕಚ್ಚುವುದೂ ಇಲ್ಲ. ಕಚ್ಚಲಿಕ್ಕೆ ಅದಕ್ಕೆ ಬಾಯಿಯೇ ಇಲ್ಲ."

"ಹಾಗಾದ್ರೆ ಹಸಿವಾದ್ರೆ ಎಂತ ಮಾಡ್ತದೆ?"

ಅಟ್ಲಾಸ್ ಪತಂಗದ ಬಗ್ಗೆ ಕೇಳಬಹುದಾದ ಅತ್ಯುತ್ತಮ ಪ್ರಶ್ನೆ ಇದೇ ಎಂದು ನನಗೆ ಈಗಲೂ ಅನ್ನಿಸುತ್ತದೆ. ರೆಕ್ಕೆ ಬಂದ ಮೇಲೆ ಅದು ಏನನ್ನೂ ತಿನ್ನುವುದಿಲ್ಲ, ಕುಡಿಯುವುದೂ ಇಲ್ಲ. ಕೆಲಸ ಮಾಡುವ ಬಾಯಿಯ ಭಾಗಗಳೇ ಅದಕ್ಕಿಲ್ಲ. ಉಣ್ಣುವುದೆಲ್ಲ ಹುಳುವಾಗಿದ್ದಾಗಲೇ ಮುಗಿದಿರುತ್ತದೆ. ದಾಲ್ಚಿನ್ನಿ, ಪೇರಳೆಯಂಥ ಗಿಡಗಳ ಎಲೆ ಮೇಯ್ದು ಆ ಹಸಿರು ಹುಳು ಹನ್ನೊಂದು ಸೆಂಟಿಮೀಟರು ಮೀರಿ ಬೆಳೆಯುತ್ತದೆ. ಮೈಮೇಲೆ ಮೆತ್ತನೆಯ ಮುಳ್ಳುಗಳು, ಅವುಗಳ ಮೇಲೆ ಬೂದಿ ಎರಚಿದ ಹಾಗೆ ಬಿಳಿಯ ಮೇಣದ ಪುಡಿ. ಹೊಟ್ಟೆ ತುಂಬಿದ ಮೇಲೆ ಎಲೆಗಳನ್ನು ಎಳೆದು ಸುತ್ತಿಕೊಂಡು ಕಂದು ಬಣ್ಣದ ಗೂಡು ಕಟ್ಟುತ್ತದೆ. ಆ ಗೂಡೂ ರೇಷ್ಮೆಯದೇ. ಕನ್ನಡಿಗರಿಗೆ ರೇಷ್ಮೆ ಎಂದರೆ ಹಿಪ್ಪುನೇರಳೆ ತಿನ್ನುವ ಹುಳು, ರಾಮನಗರದ ಗೂಡಿನ ಮಾರುಕಟ್ಟೆ. ಆ ಹುಳುವಿನ ಕುಟುಂಬ ಬೇರೆ. ಅಟ್ಲಾಸ್ ಸೇರುವುದು ಅಸ್ಸಾಮಿನ ಮುಗಾ, ಎರಿ, ಕಾಡಿನ ಟಸ್ಸಾರ್ ಹುಳುಗಳ ಕುಟುಂಬಕ್ಕೆ. ಇದರ ಗೂಡು ಒಂದೇ ಉದ್ದದ ಎಳೆಯಾಗಿ ಬಿಚ್ಚಿಕೊಳ್ಳುವುದಿಲ್ಲವಾದ್ದರಿಂದ ದೊಡ್ಡ ಉದ್ಯಮ ಇದರ ಬೆನ್ನು ಹತ್ತಲಿಲ್ಲ. ಗೂಡು ಗಟ್ಟಿ; ತೈವಾನಿನಲ್ಲಿ ಅದನ್ನೇ ಚಿಲ್ಲರೆ ಹಾಕುವ ಚೀಲವಾಗಿ ಬಳಸುತ್ತಿದ್ದರಂತೆ.

ಗೂಡಿನಿಂದ ಹೊರಬಂದ ಪತಂಗಕ್ಕೆ ಉಳಿಯುವುದು ಒಂದು ವಾರ, ಹೆಚ್ಚೆಂದರೆ ಎರಡು. ಹೆಣ್ಣು ಗೂಡಿನ ಹತ್ತಿರವೇ ಕೂತು ರಾತ್ರಿ ತನ್ನ ವಾಸನೆಯನ್ನು ಗಾಳಿಗೆ ಬಿಡುತ್ತದೆ. ಗಂಡಿನ ಮೀಸೆಗಳು ಅಗಲವಾಗಿ ಎರಡೂ ಬದಿಗೆ ಕವಲೊಡೆದಿರುವುದು ಆ ವಾಸನೆಯ ಕಣಗಳನ್ನು ಹಿಡಿಯಲಿಕ್ಕೆಂದೇ. ಬಹು ದೂರದಿಂದ ಅದು ಕತ್ತಲಲ್ಲಿ ಹುಡುಕಿಕೊಂಡು ಬರುತ್ತದೆ. ಇಷ್ಟು ದೊಡ್ಡ ಮೈಯನ್ನು ಎತ್ತಬೇಕಾದರೆ ಮೊದಲು ಎದೆಯ ಸ್ನಾಯುಗಳನ್ನು ನಡುಗಿಸಿ ಬಿಸಿ ಮಾಡಿಕೊಳ್ಳಬೇಕು. ಪ್ರತಿ ನಡುಕಕ್ಕೂ, ಪ್ರತಿ ರೆಕ್ಕೆಬಡಿತಕ್ಕೂ ಖರ್ಚಾಗುವುದು ಹಿಂದೆಂದೋ ತಿಂದ ಎಲೆ. ಹೊಸತಾಗಿ ಒಂದು ಹನಿಯೂ ಒಳಗೆ ಹೋಗುವ ಹಾಗಿಲ್ಲ.

ಅದಕ್ಕೇ ಹೈಮಾಸ್ಟ್ ದೀಪಗಳನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಈಗ ನಮ್ಮಲ್ಲಿ ಪ್ರತಿ ಜಂಕ್ಷನ್ನಿಗೂ ಒಂದು ಹೈಮಾಸ್ಟ್, ಹೆದ್ದಾರಿಯುದ್ದಕ್ಕೂ ಬೆಳಕು. ಕೀಟಗಳು ದೀಪಕ್ಕೆ ಮುತ್ತುವುದು ಆಸೆಯಿಂದಲ್ಲ ಎಂದು 2024ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. ಹಾರುವಾಗ ಬೆನ್ನು ಬೆಳಕಿನ ಕಡೆಗಿರಬೇಕು ಎನ್ನುವುದು ಅವುಗಳ ಮೈಗೆ ಗೊತ್ತಿರುವ ಲೆಕ್ಕ. ಕೋಟಿ ವರ್ಷಗಳ ಕಾಲ ರಾತ್ರಿಯ ಬೆಳಕು ಎಂದರೆ ಮೇಲಿನ ಆಕಾಶವೇ ಆಗಿತ್ತು. ದೀಪದ ಹತ್ತಿರ ಬಂದ ಕೀಟ ಅದಕ್ಕೆ ಬೆನ್ನು ತಿರುಗಿಸುತ್ತಾ ತಿರುಗಿಸುತ್ತಾ ಅಲ್ಲೇ ಸುತ್ತುತ್ತದೆ. ಇರುವ ಏಳೆಂಟು ರಾತ್ರಿಗಳಲ್ಲಿ ಒಂದನ್ನು ಒಂದು ಗಂಡು ಪತಂಗ ಕಂಬದ ಕೆಳಗೆ ಕಳೆದರೆ, ಆ ರಾತ್ರಿಯ ಖರ್ಚನ್ನು ತುಂಬಿಸಿಕೊಳ್ಳುವ ದಾರಿ ಅದಕ್ಕಿಲ್ಲ.

ಹಾಗೆ ನೋಡಿದರೆ ದೊಡ್ಡದಕ್ಕೂ ಕಷ್ಟ ಇದೆ. ಆದರೂ ಅದಕ್ಕೆ ಮರಗಳಿವೆ. ತೋಟದ ಬದುವಿನ ದಾಲ್ಚಿನ್ನಿ, ಹಿತ್ತಿಲಿನ ಪೇರಳೆ ಇರುವ ತನಕ ಹುಳುವಿಗೆ ಊಟ ಸಿಗುತ್ತದೆ. ಹೆಣ್ಣು ಕಂಡರೆ ಜನ ಅಟ್ಟುವುದಿಲ್ಲ, ಫೋಟೋ ತೆಗೆಯುತ್ತಾರೆ. ಗ್ರಾಸ್ ಜ್ಯುವೆಲ್ಲಿನ ವಿಷಯಕ್ಕೆ ಬರಬೇಕಾದರೆ ಪದವು ಹತ್ತಬೇಕು.

ಪದವು ಎಂದರೆ ನಮ್ಮ ಕೆಂಪುಕಲ್ಲಿನ ಬೋಳು ಗುಡ್ಡದ ನೆತ್ತಿ. ಬಾಯಾರಿನ ಕಡೆಯ ಪೊಸಡಿಗುಂಪೆಗೆ ಹೋದವರಿಗೆ ಚೆನ್ನಾಗಿ ಗೊತ್ತು. ಬೇಸಗೆಯಲ್ಲಿ ಅಲ್ಲಿ ಚಪ್ಪಲಿ ಬಿಟ್ಟು ನಿಲ್ಲಲಾಗದು. ಮೊದಲ ಮಳೆ ಬಿದ್ದು ಕಲ್ಲಿನ ಕುಳಿಗಳಲ್ಲಿ ಬೆರಳ ದಪ್ಪ ಮಣ್ಣು ಒದ್ದೆಯಾಯಿತೋ, ಅಲ್ಲಿಂದ ಓಣಂ ಕಳೆಯುವವರೆಗೆ ಒಂದರ ಹಿಂದೊಂದು ಹೂವಿನ ಸರದಿ. ನೆಲವನ್ನೇ ನೀಲಿ ಮಾಡುವ ಕಾಕಪ್ಪೂ, ಕೀಟ ಹಿಡಿಯುವ ಅಂಟುಗೂದಲಿನ ಡ್ರೊಸೆರಾ, ಬಿಳಿ ಗುಂಡಿಯಂಥ ಹೂತಲೆಯ ಎರಿಯೊಕಾಲನ್. ಕಾಕಪ್ಪೂವಿನ ಅಂದ ನೋಡಿದವರು ಅದರ ಬುಡ ನೋಡಿರುವುದಿಲ್ಲ. ಅಲ್ಲಿರುವ ಸಣ್ಣ ಸಣ್ಣ ಗುಳ್ಳೆಗಳು ನೀರಿನ ಅತಿ ಸಣ್ಣ ಜೀವಿಗಳನ್ನು ಒಳಕ್ಕೆಳೆದುಕೊಳ್ಳುವ ಬೋನುಗಳು. ಮಳೆ ಹಿಂದೆಗೆದ ಮೇಲೆ ಈ ನೀರಿನ ಗಿಡಗಳು ಒಣಗುತ್ತವೆ, ಅಂಚಿನ ಹುಲ್ಲಿನ ಸಂದಿನಲ್ಲಿ ನೀಲಿ ಗಿಡದ ಕುಲಕ್ಕೆ ಸೇರಿದ, ನೆಲಕ್ಕೇ ಹಬ್ಬುವ ಪುಟ್ಟ ದ್ವಿದಳ ಸಸ್ಯಗಳು ಹೂಬಿಡುತ್ತವೆ. ಗ್ರಾಸ್ ಜ್ಯುವೆಲ್ ಇರುವುದು ಅಲ್ಲಿ.

ನಿಂತು ನೋಡಿದರೆ ಅದು ಕಾಣುವುದೇ ಇಲ್ಲ. ಕೂತರೂ ಸಾಲದು. ಹೊಟ್ಟೆಯ ಮೇಲೆ ಮಲಗಿ, ಗಲ್ಲ ನೆಲಕ್ಕೆ ತಾಗುವಷ್ಟು ತಗ್ಗಿದಾಗ, ಹುಲ್ಲಿನ ಎಸಳುಗಳ ಮಧ್ಯೆ ಧೂಳಿನ ಬಣ್ಣದ್ದೊಂದು ಅಲುಗುತ್ತದೆ. ಮೇಲ್ಬದಿ ಬರೀ ಕಂದು. ಅದು ಕೂತು ರೆಕ್ಕೆ ಮಡಚಿದ ಮೇಲೆ ಭೂತಗನ್ನಡಿ ಹಿಡಿಯಬೇಕು. ಬೂದು ಬಿಳುಪಿನ ಮೇಲೆ ಕಂದು ಗೆರೆಗಳು, ಬುಡದ ಕಡೆ ಕಪ್ಪು ಚುಕ್ಕೆಗಳು. ಹಿಂದಿನ ರೆಕ್ಕೆಯ ಅಂಚಿನಲ್ಲಿ ಸಾಲಾಗಿ ಕಪ್ಪು ಬೊಟ್ಟುಗಳು, ಒಂದೊಂದಕ್ಕೂ ಕಿತ್ತಳೆ ಬಣ್ಣದ ಕಟ್ಟು, ಆ ಕಪ್ಪಿನೊಳಗೆ ಲೋಹದ ಹೊಳಪಿನ ಹಸಿರು ಶಲ್ಕಗಳು. ಬಿಸಿಲಿನ ಕೋನ ಸ್ವಲ್ಪ ಬದಲಾದರೆ ಹಸಿರು ಆರುತ್ತದೆ, ಮತ್ತೆ ಹೊತ್ತುತ್ತದೆ. ಇಷ್ಟೆಲ್ಲ ಕೆಲಸ ನಡೆದಿರುವುದು ಅಕ್ಕಿಕಾಳಿನ ಅಗಲದಷ್ಟು ಜಾಗದಲ್ಲಿ. ಅಟ್ಲಾಸ್ ಪತಂಗದ ಅಂದವನ್ನು ಹತ್ತಡಿ ದೂರದಿಂದಲೂ ಸವಿಯಬಹುದು. ಇದರದು ಮೊಣಕೈ ಊರಿ ಕಾದವರಿಗೆ ಮಾತ್ರ.

ಮುಂದಿನ ಗುಂಡಿಯಲ್ಲಿ ದನ ಮೇಯಿಸುತ್ತಿದ್ದ ಅಜ್ಜಿಯೊಬ್ಬರು ನನ್ನನ್ನು ಹಾಗೆ ಬಿದ್ದುಕೊಂಡಿದ್ದು ನೋಡಿ ಗಾಬರಿಯಿಂದ ಬಂದಿದ್ದರು. "ಎಂತ ಆಯ್ತು ಟೀಚರೇ, ತಲೆ ತಿರುಗಿತಾ?" ಕನ್ನಡಿಯನ್ನು ಅವರ ಕೈಗೆ ಕೊಟ್ಟೆ. ಅವರೂ ಸೆರಗು ಸಿಕ್ಕಿಸಿ ಕೂತರು. ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಇಷ್ಟು ವರ್ಷ ಇದರ ಮೇಲೆಯೇ ನಡೆದದ್ದಲ್ಲವಾ ನಾವು" ಎಂದರು.

ಈ ಚಿಟ್ಟೆಯ ಬದುಕಿನ ಲೆಕ್ಕಾಚಾರ ಪತಂಗದ್ದಕ್ಕಿಂತ ಪೂರ್ತಿ ಬೇರೆ. ಇದಕ್ಕೆ ಸುರುಳಿ ಸುತ್ತಿದ ಹೀರುಕೊಳವೆ ಇದೆ, ದಿನದ ಖರ್ಚಿಗೆ ದಿನವೂ ದುಡಿಯುತ್ತದೆ. ಅಂಗೈಯಗಲದ ಒಂದು ಗಿಡ ಇದರ ಹುಳುವಿನ ಬೆಳವಣಿಗೆಗೆ ಸಾಕಾಗುತ್ತದೆ. ಮೈ ಸಣ್ಣದಾದ್ದರಿಂದ ಬೇಗ ಬೆಳೆದು ಮುಗಿಯುತ್ತದೆ, ಒಂದು ವರ್ಷದಲ್ಲಿ ಹಲವು ತಲೆಮಾರು. ಸಣ್ಣ ಮೈ ಬಿಸಿಲಿಗೆ ಬೇಗ ಕಾಯುತ್ತದೆ, ಅಷ್ಟೇ ಬೇಗ ಆರುತ್ತದೆ. ಅದಕ್ಕೇ ಮೋಡ ಅಡ್ಡ ಬಂದಾಗ ಹಾರಾಟ ನಿಲ್ಲಿಸಿ ಹುಲ್ಲಿನ ತುದಿಯಲ್ಲಿ ರೆಕ್ಕೆ ಅರೆ ತೆರೆದು ಕೂತುಬಿಡುತ್ತದೆ. ಹುಳುವಿಗೆ ಕಾವಲುಗಾರರೂ ಇದ್ದಾರೆ. ಈ ಕುಟುಂಬದ ಅನೇಕ ಹುಳುಗಳಂತೆ ಇದರ ಬೆನ್ನಿನ ಹಿಂಭಾಗದಲ್ಲೂ ಸಿಹಿ ದ್ರವ ಒಸರುವ ಒಂದು ಗ್ರಂಥಿ ಇದೆ. ಇರುವೆಗಳು ಬಂದು ಮೀಸೆಯಿಂದ ತಟ್ಟಿ ಆ ಹನಿಯನ್ನು ಪಡೆಯುತ್ತವೆ. ಇರುವೆ ಸುತ್ತಿಕೊಂಡಿರುವಾಗ ಹುಳುವಿನ ಮೇಲೆ ಮೊಟ್ಟೆಯಿಡಲು ಬರುವ ಕಣಜಗಳಿಗೆ ಹತ್ತಿರ ಸುಳಿಯಲು ಸುಲಭವಿಲ್ಲ. ಅಟ್ಲಾಸಿನ ಹುಳು ಗಾತ್ರ ಮತ್ತು ಮೇಣದ ಪುಡಿಯನ್ನು ನಂಬಿ ಒಂಟಿಯಾಗಿ ಬೆಳೆಯುತ್ತದೆ. ಇದು ನೆರೆಹೊರೆಯನ್ನು ನಂಬಿ ಬೆಳೆಯುತ್ತದೆ.

ನೆರೆಹೊರೆ ಎಂದೆನಲ್ಲ, ಇದರ ದೌರ್ಬಲ್ಯವೂ ಅಲ್ಲೇ. ಇದು ಎತ್ತರಕ್ಕೆ, ದೂರಕ್ಕೆ ಹಾರುವ ಚಿಟ್ಟೆಯಲ್ಲ. ನೆಲದಿಂದ ಒಂದೆರಡು ಅಡಿ, ಒಂದು ಗಿಡದಿಂದ ಹತ್ತಿರದ ಇನ್ನೊಂದಕ್ಕೆ, ಅಷ್ಟೇ. ಆ ಗಿಡ, ಆ ಇರುವೆ, ಆ ಬಿಸಿಲು ಒಂದೇ ಕಡೆ ಇರಬೇಕು. ಆ ತುಂಡು ನೆಲ ಹೋದರೆ ಮುಂದಿನ ಗುಡ್ಡಕ್ಕೆ ಗುಳೆ ಹೋಗುವುದು ಅದಕ್ಕೆ ಸುಲಭವಿಲ್ಲ.

ಗಡಿಯ ಈಚೆ ಆಚೆ ಎರಡು ಸರಕಾರಗಳೂ ತಮ್ಮ ರಾಜ್ಯಕ್ಕೊಂದು ಚಿಟ್ಟೆಯನ್ನು ಆರಿಸಿವೆ. ಕರ್ನಾಟಕದ್ದು ಸದರ್ನ್ ಬರ್ಡ್‌ವಿಂಗ್, ಚಿಟ್ಟೆಗಳ ಪೈಕಿ ದೈತ್ಯ. 1932ರಲ್ಲಿ ಚಿಟ್ಟೆ ತಜ್ಞ ಬ್ರಿಗೇಡಿಯರ್ ಇವಾನ್ಸ್ ದಾಖಲಿಸಿದ 190 ಮಿಲಿಮೀಟರಿನ ಒಂದು ಬರ್ಡ್‌ವಿಂಗ್ ಎಂಬತ್ತೆಂಟು ವರ್ಷ ಭಾರತದ ಅತಿ ದೊಡ್ಡ ಚಿಟ್ಟೆಯಾಗಿತ್ತು. 2020ರಲ್ಲಿ ಉತ್ತರಾಖಂಡದ 194 ಮಿಲಿಮೀಟರಿನ ಗೋಲ್ಡನ್ ಬರ್ಡ್‌ವಿಂಗ್ ಆ ಸ್ಥಾನಕ್ಕೆ ಬಂತು. ನಾಲ್ಕು ಮಿಲಿಮೀಟರಿನ ಆ ಸುದ್ದಿಯನ್ನು ದೇಶದ ಪತ್ರಿಕೆಗಳೆಲ್ಲ ಹಾಕಿದ್ದವು. ಕೇರಳ 2018ರಲ್ಲಿ ಆರಿಸಿದ ಬುದ್ಧಮಯೂರಿಯೂ ದೊಡ್ಡದೇ, ನವಿಲು ಹಸಿರಿನ ಪಟ್ಟೆಯದು. ನಮ್ಮ ಕಾಸರಗೋಡು 2023ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಜಿಲ್ಲೆಗೇ ಪ್ರತ್ಯೇಕವಾಗಿ ಮರ, ಹೂ, ಹಕ್ಕಿ, ಪ್ರಾಣಿಯನ್ನು ಘೋಷಿಸಿತು. ದೇಶದಲ್ಲೇ ಹಾಗೆ ಮಾಡಿದ ಮೊದಲ ಜಿಲ್ಲೆ ಎಂಬ ಹೆಮ್ಮೆ ನನಗೂ ಇದೆ. ಮರ ಕಾಸರಕ, ಹಕ್ಕಿ ಬಿಳಿಹೊಟ್ಟೆಯ ಕಡಲ ಹದ್ದು, ಪ್ರಾಣಿ ಚಂದ್ರಗಿರಿ ಹೊಳೆಯ ದೈತ್ಯ ಮೃದುಚಿಪ್ಪಿನ ಆಮೆ, ಹೂ ಪೆರಿಯದ ಕೆಂಪುಕಲ್ಲಿನ ತೋಡುಗಳಲ್ಲಿ ಅರಳುವ ಬಿಳಿಯ ಪೊಳತ್ತಾಳಿ. ಈ ಹೂವಿನ ಆಯ್ಕೆಯೇ ನನಗೆ ಎಲ್ಲಕ್ಕಿಂತ ಸಮಾಧಾನ ಕೊಟ್ಟದ್ದು. ಅದು ಮಳೆಗಾಲದಲ್ಲಷ್ಟೇ ಹರಿಯುವ ತೋಡುಗಳನ್ನು ನಂಬಿದ ಗಿಡ. ಅದನ್ನು ಕಾಯಬೇಕಾದರೆ ನೀರನ್ನು ಹಿಡಿದುಕೊಡುವ ಕೆಂಪುಕಲ್ಲಿನ ನೆಲವನ್ನೂ ಕಾಯಬೇಕಾಗುತ್ತದೆ.

ಆದರೆ ಕಾಗದಪತ್ರದಲ್ಲಿ, ಆಡುಮಾತಿನಲ್ಲಿ ಪದವಿಗೆ ಇರುವ ಹೆಸರು ಪಾಳು. ಅಲ್ಲಿ ಮರವಿಲ್ಲ, ಬೆಳೆಯಿಲ್ಲ, ಹಾಗಾಗಿ ಅಲ್ಲಿ ಏನೂ ಇಲ್ಲ. ಕೆಂಪುಕಲ್ಲಿನ ಕೋರೆಗೆ, ಮಣ್ಣು ತೆಗೆಯಲಿಕ್ಕೆ, ಕಟ್ಟಡಕ್ಕೆ ಮೊದಲು ಸಿಗುವ ಜಾಗ ಅದೇ. ಕೆಂಪುಕಲ್ಲಿನ ಮನೆಯಲ್ಲೇ ಹುಟ್ಟಿ ಬೆಳೆದವಳು ನಾನು, ಕಲ್ಲು ಕಡಿಯುವವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಮಕ್ಕಳು ನನ್ನ ಕ್ಲಾಸಿನಲ್ಲೇ ಕೂತಿದ್ದಾರೆ. 1807ರಲ್ಲಿ ಫ್ರಾನ್ಸಿಸ್ ಬುಕಾನನ್ ಈ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟದ್ದು ಮಲಪ್ಪುರಂ ಜಿಲ್ಲೆಯ ಅಂಗಾಡಿಪುರದಲ್ಲಿ ಕಂಡದ್ದರಿಂದ. ಆ ಜಾಗ ಈಗ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ನೆಲದಲ್ಲಿರುವಾಗ ಮೆತ್ತಗೆ, ಗಾಳಿಗೆ ಬಿದ್ದ ಮೇಲೆ ಗಟ್ಟಿ ಆಗುವ ಆ ಕಲ್ಲಿನ ಒಳಗೆಲ್ಲ ತೂತುಗಳು. ಮಳೆನೀರು ಅದರಲ್ಲಿ ಇಂಗಿ ಇಳಿದು ನಮ್ಮ ಸುರಂಗಗಳಲ್ಲಿ ಸುರಿಯುತ್ತದೆ. ಬಾಯಾರು, ಎಣ್ಮಕಜೆಯ ಎಷ್ಟೋ ತೋಟಗಳು ಇವತ್ತಿಗೂ ಬದುಕಿರುವುದು ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದ ಆ ಸುರಂಗಗಳ ನೀರಿನಿಂದ. ಮೇಲೆ ಚಿಟ್ಟೆ, ಕೆಳಗೆ ನೀರು, ಎರಡಕ್ಕೂ ಒಂದೇ ಕಲ್ಲು. ಸುರಂಗದ ನೀರು ಕುಡಿದು ಪದವನ್ನು ಪಾಳು ಎನ್ನುವುದು ನನಗೆ ಯಾವತ್ತೂ ಸರಿ ಕಂಡಿಲ್ಲ.

ಈ ಚಿಟ್ಟೆಯ ನೆಲೆ ತಪ್ಪಲು ಕೋರೆಯಷ್ಟು ದೊಡ್ಡದಲ್ಲದ ಇನ್ನೊಂದು ಕಾರಣವೂ ಇದೆ. ರಸ್ತೆ ಬದಿ, ಮೈದಾನ, ತೋಟದ ದಾರಿ, ಎಲ್ಲ ಕಡೆ ಹುಲ್ಲು ಹೆರೆಯುವ ಮೆಷಿನ್ ಬಂದಿದೆ. ಕತ್ತಿಯಲ್ಲಿ ಹೆರೆಯುವಾಗ ಕಲ್ಲಿನ ಸಂದು, ಬದುವಿನ ಅಂಚು ಉಳಿಯುತ್ತಿತ್ತು. ಮೆಷಿನ್ನಿನ ನೈಲಾನ್ ಹಗ್ಗ ಸಂದಿಗೂ ಹೋಗುತ್ತದೆ, ಬುಡದವರೆಗೆ ತಿನ್ನುತ್ತದೆ. ಅದೂ ನಡೆಯುವುದು ಮಳೆ ನಿಂತ ಕೂಡಲೇ, ಅಂದರೆ ಆ ಪುಟ್ಟ ಗಿಡಗಳು ಹೂಬಿಟ್ಟು ಹುಳುಗಳು ಅವುಗಳ ಮೇಲಿರುವ ಹೊತ್ತಿನಲ್ಲೇ. ಮೆಷಿನ್ ಹೋದ ಮರುದಿನ ಅಲ್ಲಿ ಹೋಗಿ ಮಲಗಿದರೆ ಕಾಣುವುದು ಕೆಂಪು ಧೂಳು, ತುಂಡಾದ ಕಡ್ಡಿ.

ಈ ಸಲ ಪಿಟಿಎ ಸಭೆಯಲ್ಲಿ ನಾನು ಕೇಳಿದ್ದು ಇಷ್ಟೇ. ನಮ್ಮ ಮೈದಾನದ ಪಡುಬದಿಯ ಅಂಚು, ಧ್ವಜಕಟ್ಟೆಯ ಹಿಂದಿನಿಂದ ಬಾವಿಯವರೆಗಿನ ಕಲ್ಲು ಪಟ್ಟಿ, ಡಿಸೆಂಬರ್ ಕಳೆಯುವವರೆಗೆ ಅದಕ್ಕೆ ಮೆಷಿನ್ ಹಾಕಬಾರದು, ಕಳೆನಾಶಕವಂತೂ ಬೇಡವೇ ಬೇಡ. ಹಾವು ಬರುತ್ತದೆ ಎಂದು ಒಬ್ಬರು ತಂದೆ ಹೇಳಿದರು. ಮಕ್ಕಳು ಓಡಾಡುವ ಜಾಗ, ಆ ಹೆದರಿಕೆ ನ್ಯಾಯವಾದದ್ದೇ. ಎಲ್ಲರೂ ಎದ್ದು ಹೋಗಿ ಆ ಪಟ್ಟಿಯನ್ನು ನೋಡಿದೆವು. ಅಲ್ಲಿನ ಗಿಡಗಳು ಪಾದದ ಗಂಟಿನವರೆಗೂ ಬರುವುದಿಲ್ಲ, ನಡುವೆ ಬೋಳು ಕಲ್ಲು ಕಾಣುತ್ತದೆ, ಹಾವು ಅಡಗುವಷ್ಟು ಪೊದೆ ಇಲ್ಲ. ಪಕ್ಕದ ಎತ್ತರದ ಹುಲ್ಲನ್ನು ಕತ್ತಿಯಲ್ಲೇ ಹೆರೆದು, ಮಕ್ಕಳು ನಡೆಯುವ ದಾರಿಯನ್ನು ಬೇರೆಯಾಗಿ ಸ್ವಚ್ಛ ಇಡುವುದೆಂದು ಮಾತಾಯಿತು. ಭೂತಗನ್ನಡಿ ಆರು ತರಿಸುತ್ತೇವೆ ಎಂದು ಹಾವಿನ ಮಾತೆತ್ತಿದ ಅವರೇ ಒಪ್ಪಿಕೊಂಡರು. ಉಳಿದ ಮೈದಾನ ಎಂದಿನಂತೆ ಆಟಕ್ಕೆ. ಈ ಚಿಟ್ಟೆಗೆ ಅಷ್ಟು ಅಗಲದ ಒಂದು ಅಂಚು ಸಾಕು, ಆದರೆ ಆ ಅಂಚು ಪ್ರತಿ ವರ್ಷವೂ ಅಲ್ಲೇ ಇರಬೇಕು. ನನಗೆ ವರ್ಗವಾದರೂ ಮಾತು ಉಳಿಯಲಿ ಎಂದು ಆ ತೀರ್ಮಾನವನ್ನು ಚಿಟ್ಟೆಯ ಹೆಸರು ಸಮೇತ ಸಭೆಯ ನಡಾವಳಿ ಪುಸ್ತಕದಲ್ಲಿ ಬರೆಸಿದ್ದೇನೆ.